ತಪಕೀರಿನ ಡಬ್ಬಿಯಲ್ಲೊಂದು ದಂಡು

ಆ ಡಬ್ಬಿಯ ಮುಚ್ಚಳ ತೆಗೆದರೆ ಮೊದಲು ಒಂದು ಸೀನು ಬರುತ್ತದೆ. ಆಮೇಲೆ ಎಲುಬುಗಳು ಕಾಣುತ್ತವೆ. ಗಾಬರಿಯಾಗಬೇಡಿ. ಡಬ್ಬಿ ನಮ್ಮ ಅಜ್ಜಿ ಮೂಗಿಗೇರಿಸುತ್ತಿದ್ದ ತಪಕೀರಿನದು; ನಿಪ್ಪಾಣಿಯ ಹೊಗೆಸೊಪ್ಪಿನ ಘಾಟು ಎಷ್ಟು ತೊಳೆದರೂ ಅದನ್ನು ಬಿಟ್ಟು ಹೋಗಿಲ್ಲ. ಎಲುಬುಗಳು ಸೀಸದವು. ಬೆರಳಿನ ಎರಡು ಗೆಣ್ಣಿನೆತ್ತರದ ಅಸ್ಥಿಪಂಜರದ ಸೈನಿಕರು, ಕೈಯಲ್ಲಿ ಡೊಂಕು ಕತ್ತಿ, ಒಡೆದ ಗುರಾಣಿ. ಮುಂಬಯಿಯಿಂದ ಹಡಗಿನ ಕೆಲಸಕ್ಕೆ ಹೋಗುತ್ತಿದ್ದ ಸೋದರಮಾವ ಇಂಗ್ಲೆಂಡಿನ ಯಾವುದೋ ಬಂದರಿನ ಹಳೆಯ ಸಾಮಾನಿನ ಅಂಗಡಿಯಿಂದ ಇವನ್ನು ತಂದಿದ್ದ. ಅಲ್ಲಿಯವರು ಮೇಜಿನ ಮೇಲೆ ಕಲ್ಪನೆಯ ಯುದ್ಧ ಹೂಡಿ ಆಡುವ ಗೊಂಬೆಗಳಂತೆ. “ಎಂ.ಎ. ಮುಗಿಸಿ ಸುಮ್ನ ಕುಂತೀದಿ, ಇವಕ್ಕರ ಬಣ್ಣ ಹಚ್ಚು” ಎಂದು ನನ್ನ ಮಡಿಲಿಗೆ ಸುರಿದ.

ಬಣ್ಣಕ್ಕೆ ಕೊರತೆಯಿರಲಿಲ್ಲ. ಕಾರಹುಣ್ಣಿಮೆಗೆ ಎತ್ತುಗಳ ಕೋಡಿಗೆ ಹಚ್ಚಿ ಉಳಿದ ಎಣ್ಣೆಬಣ್ಣ ದನದ ಕೊಟ್ಟಿಗೆಯಲ್ಲಿತ್ತು. ಮೊದಲ ಸೈನಿಕನಿಗೆ ಬರೀ ಬಿಳಿ ಬಳಿದೆ. ಅವನು ಸುಣ್ಣ ಬಡಿದ ಗೂಟದಂತೆ ನಿಂತ. ಬಿಳುಪೇ ಬೇರೆ, ಎಲುಬೇ ಬೇರೆ ಎಂಬುದು ಆಗ ತಿಳಿಯಿತು. ಹೋದ ವರ್ಷದ ಬಣ್ಣ ಮಾಸಿದ ಎತ್ತಿನ ಕೋಡನ್ನು ನೋಡನೋಡುತ್ತ ಉಪಾಯ ಹೊಳೆಯಿತು. ಕಂದುಬಣ್ಣವನ್ನು ಸೀಮೆಎಣ್ಣೆಯಲ್ಲಿ ನೀರಿನಷ್ಟು ತೆಳ್ಳಗೆ ಕದಡಿ ಮೈಮೇಲೆ ಹರಿಯಬಿಟ್ಟು, ಹಳೆಯ ಧೋತರದ ಚೂರಿನಿಂದ ಒರೆಸಿದೆ. ಪಕ್ಕೆಲುಬಿನ ಸಂದಿಗಳಲ್ಲಿ ನೆರಳು ಉಳಿಯಿತು, ಉಬ್ಬುಗಳ ಮೇಲೆ ಬೆಳಕು ಬಂತು, ಸತ್ತವನು ಉಸಿರೆಳೆದುಕೊಂಡಂತಾಯಿತು.

ಅಂದಿನಿಂದ, ಈ ಅಚ್ಚು ಕೊರೆದ ಹೆಸರು ಗೊತ್ತಿಲ್ಲದ ಕೈಗೆ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತ ಬಂದಿದ್ದೇನೆ. ಮೋರೆಯಿಲ್ಲ, ಕಣ್ಣಿಲ್ಲ, ತೊಗಲಿಲ್ಲ. ಆದರೂ ಒಬ್ಬ ಸಂತೆಯಿಂದ ದಣಿದು ಬಂದವನ ಹಾಗೆ ಕಾಲೆಳೆಯುತ್ತಾನೆ, ಇನ್ನೊಬ್ಬ ದೂರದಿಂದ ಯಾರೋ ಕರೆದರೆಂದು ಕತ್ತು ಓರೆ ಮಾಡಿದ್ದಾನೆ, ತುದಿಯವನು ಏನೋ ಗುಟ್ಟು ತಿಳಿದವನಂತೆ ನಗುತ್ತಾನೆ. ಎಲ್ಲ ಉದುರಿದ ಮೇಲೂ ಮನುಷ್ಯನಲ್ಲಿ ಸ್ವಭಾವವೊಂದು ಉಳಿದೀತು ಎಂದು ನಂಬಿದ ಕಲಾವಿದನಿರಬೇಕು ಆತ. ಹೆಚ್ಚು ಮಾತಾಡದ ನನಗೆ, ಮಾತಿಲ್ಲದೆ ಇಷ್ಟೆಲ್ಲ ಹೇಳುವ ಇವರ ಸಂಗ ಹಿತವೆನಿಸಿತು.

ಅವ್ವನಿಗೆ ಹಿತವೆನಿಸಲಿಲ್ಲ. ದೀಪಾವಳಿ ಬಂತು, ಅವಳ ತಾಳ್ಮೆ ಮುಗಿಯಿತು. “ಹೊಳಿಗೆ ಬಿಡೂತನಾ ಅಸ್ಥಿ ಗಿಡಕ್ಕ ಕಟ್ಟತಾರ, ಹೊಸ್ತಿಲಾ ದಾಟಸೂದಿಲ್ಲ. ನೀ ನೋಡಿದರ ಗ್ವಾಡಿ ಮಾಡದಾಗ ಸಾಲ ಹಚ್ಚಿ ಇಟ್ಟೀದಿ! ಲಕ್ಷ್ಮೀ ಪೂಜಾಕ್ಕಿಂತ ಮೊದಲ ವೇದಗಂಗಾ ಹೊಳಿಗೆ ಬಿಟ್ಟು ಬಾ.”

ಕಿವಿ ಮಂದವಾಗಿದ್ದ ಅಜ್ಜಿ ಗೋಡೆಗೊರಗಿಕೊಂಡೇ ಸಿಟ್ಟಾದಳು. “ಆಸ್ತಿ ಮನ್ಯಾಗ ಇಡಲಾರದ ಹೊಳ್ಯಾಗ ಒಗೀತಾರೇನ? ನಿನಗೇನ ಬುದ್ಧಿ ಐತೋ ಇಲ್ಲೋ!”

ನಕ್ಕರೂ ಅವ್ವ ಹಟ ಬಿಡಲಿಲ್ಲ. ವಾದಿಸುವುದು ನನಗೆ ಬಾರದು. ತಿಂಗಳುಗಟ್ಟಲೆ ಕಣ್ಣು ನೆಟ್ಟು ಜೀವ ತುಂಬಿದವರನ್ನು ಒಬ್ಬೊಬ್ಬರನ್ನಾಗಿ ಅಜ್ಜಿಯ ಖಾಲಿ ಡಬ್ಬಿಯಲ್ಲಿ ಮಲಗಿಸಿ ಹೊರಬಿದ್ದೆ.

ಬಾಗಿಲ ಬದಿಯಲ್ಲಿ ಓಣಿಯ ಹುಡುಗಿಯರು ಮೋರೆ ಸಣ್ಣದು ಮಾಡಿ ಕುಳಿತಿದ್ದರು. ನಮ್ಮ ಕಡೆ ದೀಪಾವಳಿಗೆ ಮಕ್ಕಳು ಮಣ್ಣಿನ ಕಿಲ್ಲಾ ಕಟ್ಟಿ, ಸಾಸಿವೆ ಚೆಲ್ಲಿ ಹಸಿರು ಬೆಳೆಸಿ, ಬುರುಜಿಗೆಲ್ಲ ಮಣ್ಣಿನ ಸಿಪಾಯಿಗಳನ್ನು ನಿಲ್ಲಿಸುವುದು ವಾಡಿಕೆ. ಹಿಂದಿನ ಸಂಜೆಯ ಮಳೆಗೆ ಕಿಲ್ಲಾ ತಡೆದಿತ್ತು, ಸಿಪಾಯಿಗಳು ಕರಗಿದ್ದರು.

ರಂಗೋಲಿ ಹಾಕುತ್ತಿದ್ದ ಅವ್ವ ಕಿಲ್ಲಾ ನೋಡಿದಳು, ಹುಡುಗಿಯರನ್ನು ನೋಡಿದಳು, ನನ್ನ ಕೈಯ ಡಬ್ಬಿಯನ್ನೂ ನೋಡಿದಳು.

“ಕಿಲ್ಲಾ ಹೊಸ್ತಿಲದ ಹೊರಗ ಐತಲ್ಲ,” ಎಂದಳು, ಯಾರಿಗೂ ಅಲ್ಲದಂತೆ. “ಹೊರಗ ನಿಂತರ ನಡದೀತು. ತಾ ಇಲ್ಲೆ.”

ತಾನೇ ಒಬ್ಬೊಬ್ಬನನ್ನೂ ಬುರುಜಿಗೇರಿಸಿದಳು. ತುದಿಯವನ ಸರದಿ ಬಂದಾಗ ಕೈ ತಡೆಯಿತು. “ಇವ ಯಾಕ ನಗಾಕತ್ತಾನ?” ಎಂದು ಕೇಳಿ, ಅವನನ್ನು ಕಿಲ್ಲಾದ ಹೆಬ್ಬಾಗಿಲಲ್ಲಿ ನಿಲ್ಲಿಸಿದಳು. ಪಣತಿಯ ಬೆಳಕಿನಲ್ಲಿ ಅವರ ಪಕ್ಕೆಲುಬುಗಳು ಹೊನ್ನಾದವು.

ಹಬ್ಬ ಕಳೆದು, ಸಾಸಿವೆ ಸಸಿ ಹಳದಿಯಾದ ಒಂದು ಮುಂಜಾನೆ ಹೊರಗೆ ದಟ್ಟ ಇಬ್ಬನಿ. ಕಸ ಗುಡಿಸಲು ಹೋದ ಅವ್ವ ಸೆರಗಿನಲ್ಲಿ ಏನನ್ನೋ ಹಿಡಿದುಕೊಂಡು ಬಂದಳು. ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತಳು, ದಾಟಿದಳು. ಡಬ್ಬಿಯ ಮುಚ್ಚಳ ತೆಗೆದವಳೇ ಜೋರಾಗಿ ಸೀನಿದಳು.

“ನೋಡ, ಇಬ್ಬನ್ಯಾಗ ನಿಂತು ನೆಗಡಿ ಹಿಡಕೊಂಡಾವು. ನನಗೂ ಹಚ್ಚಿದವು,” ಎಂದು ನನ್ನ ಮೋರೆ ನೋಡದೆ ಅವರನ್ನು ಒರೆಸತೊಡಗಿದಳು.

ಒಳಗಿನಿಂದ ಅಜ್ಜಿ ಕೂಗಿದಳು: “ಆಸ್ತಿ ಮನಿಗಿ ಬಂತೇನ?”

“ಬಂತ್ರಿ ಅತ್ತಿ,” ಎಂದಳು ಅವ್ವ. ತಿದ್ದಲಿಲ್ಲ.

ಈಗಲೂ ಡಬ್ಬಿ ತೆಗೆದಾಗ ನನಗೆ ಸೀನು ಬರುತ್ತದೆ. ಹೊಗೆಸೊಪ್ಪಿನದೆಂದು ನಾನೂ ಯಾರಿಗೂ ಹೇಳುವುದಿಲ್ಲ.