ಕೊಕ್ಕರೆ ಎರಡು ಸಲ ಸತ್ತಿತು

ಇವತ್ತು ಸಂಜೆ ದಾವಣಗೆರೆಯಲ್ಲಿ ಬ್ಯಾಲೆ ನೋಡಲು ಹೋಗಿದ್ದೆ, ಗೆಳೆಯರೇ. ಬಾಣ ತಗುಲಿದ ಕೊಕ್ಕರೆಯಾಗಿ ಕುಣಿಯುತ್ತಿದ್ದ ಹುಡುಗಿ ಮೆಲ್ಲಗೆ ನೆಲಕ್ಕೊರಗಿ ಪ್ರಾಣ ಬಿಟ್ಟಳು. ಇಡೀ ಸಭಾಂಗಣ ಉಸಿರು ಬಿಗಿಹಿಡಿದಿತ್ತು. ಆಗ ನನ್ನ ಪಕ್ಕದಲ್ಲಿದ್ದ ಮಂಡಿಪೇಟೆಯ ಬೆಲ್ಲದ ಸಾಹುಕಾರರು ಎದ್ದು ನಿಂತು “ಒನ್ಸ್ ಮೋರ್” ಎಂದು ಕೂಗಿದರು.

ಅವರ ಅಂಗಿ ಹಿಡಿದೆಳೆದು, “ಸುಮ್ನೆ ಕೂಡ್ರಿ. ಇದು ಬ್ಯಾಲೆ, ಕಂಪನಿ ನಾಟಕ ಅಲ್ಲ” ಅಂದೆ.

“ಬೋರ್ಡಿನಾಗೆ ಬ್ಯಾಲೆ ಕಂಪನಿ ಅಂತಾನೇ ಐತಲ್ರಿ. ಕಂಪನಿ ಅಂದಮ್ಯಾಲೆ ಒನ್ಸ್ ಮೋರ್ ಬ್ಯಾಡ ಅಂದ್ರೆ ಹೆಂಗೆ?”

ಅಷ್ಟರಲ್ಲಿ ಹಿಂದಿನ ಸಾಲುಗಳೂ ದನಿಗೂಡಿಸಿದವು. ಸತ್ತ ಕೊಕ್ಕರೆ ಎದ್ದು, ಕೈಮುಗಿದು, ಮತ್ತೆ ಮೊದಲಿಂದ ಸತ್ತಿತು.

“ಈ ಸಲ ಇನ್ನೂ ಚಲೋ ಸತ್ಲು, ನೋಡಿದ್ರಾ?” ಅಂದರು ಸಾಹುಕಾರರು, ಕಣ್ಣೊರೆಸಿಕೊಳ್ಳುತ್ತ.

ನೋಡಿರಲಿಲ್ಲ. ನಾನು ಬ್ಯಾಲೆಯ ಮರ್ಯಾದೆ ಕಾಯುತ್ತ ಅವರನ್ನೇ ಗುರಾಯಿಸುತ್ತಿದ್ದೆ.