ಗುಂಡಿ ಒತ್ತಿ ಸುಮ್ಮನೆ ನಿಂತವನು

ನನಗೆ ಸಂಗೀತ ಬರುವುದಿಲ್ಲ. ಆದರೂ ಬೇ ಏರಿಯಾದ ಕನ್ನಡ ಕಾರ್ಯಕ್ರಮಗಳಲ್ಲಿ ನಾನು ವೇದಿಕೆ ಹತ್ತಿದಷ್ಟು ಸಲ ಸಂಗೀತ ಬಲ್ಲವರೂ ಹತ್ತಿರಲಿಕ್ಕಿಲ್ಲ. ಕಾರಣ ನನ್ನ ಹೆಂಡತಿ ಸುಮಿತ್ರಾ. ಅವಳು ಮುಂದೆ ಕೂತು ದೇವರನಾಮ, ಭಾವಗೀತೆ ಹಾಡುತ್ತಾಳೆ. ನಾನು ಅವಳ ಹಿಂದೆ ಎಡಮಗ್ಗುಲಿಗೆ ಕೂತು ಶ್ರುತಿಪೆಟ್ಟಿಗೆಯ ಗುಂಡಿ ಒತ್ತುತ್ತೇನೆ. ತಿದಿ ಒತ್ತುವ ಹಳೆಯ ಪೆಟ್ಟಿಗೆಯಾಗಿದ್ದರೆ ಕೈಗೊಂದಿಷ್ಟು ಕೆಲಸವಾದರೂ ಇರುತ್ತಿತ್ತು. ಇದು ಕರೆಂಟಿನದು. ಹಾಡಿಗೆ ಮೊದಲು ಒಮ್ಮೆ ಒತ್ತಬೇಕು, ಎಲ್ಲ ಮುಗಿದ ಮೇಲೆ ಇನ್ನೊಮ್ಮೆ. ನಡುವಿನ ಹೊತ್ತಿನಲ್ಲಿ ನಾನು ತಲೆಯಾಡಿಸುತ್ತೇನೆ. ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ತಲೆಯಾಡಿಸುವ ಗಂಡಸನ್ನು ನಮ್ಮ ಜನ ವಿದ್ವಾಂಸನೆಂದೇ ನಂಬುತ್ತಾರೆ. ಲಿವರ್‌ಮೋರ್ ದೇವಸ್ಥಾನದ ಊಟದ ಸಾಲಿನಲ್ಲಿ ಒಬ್ಬರು, ನಮ್ಮ ಮಗಳಿಗೆ ಪಾಠ ಹೇಳಿಕೊಡುತ್ತೀರಾ ಎಂದು ಕೇಳಿದ್ದುಂಟು.

ಈ ಸಲದ ರಾಜ್ಯೋತ್ಸವಕ್ಕೆ ಮುಂಚೆ ನನ್ನ ಈ ವಿದ್ವತ್ತಿಗೆ ಸಂಚಕಾರ ಬಂತು. ನಮ್ಮ ಬಳಗದ ಕಾರ್ಯಕ್ರಮ ನೋಡಿಕೊಳ್ಳುವ ಪ್ರಸನ್ನ ಫೋನು ಮಾಡಿದರು. "ಸರ್, ಈ ಸಲ ಒಳ್ಳೇ ಸೌಂಡ್ ಸಿಸ್ಟಮ್ಮು ತಗೊಂಡಿದೀವಿ. ಶ್ರುತೀನ ಫೋನಿಂದ ನೇರ ಸ್ಪೀಕರಿಗೇ ಕೊಟ್ಬಿಡ್ತೀವಿ. ನೀವು ಆರಾಮಾಗಿ ಮುಂದಿನ ಸೀಟಲ್ಲಿ ಕೂತ್ಕೊಂಡು ಎಂಜಾಯ್ ಮಾಡಿ."

"ಆತು ಬಿಡ್ರಿ, ಛಲೋ ಆತು" ಎಂದೆ. ಹುಬ್ಬಳ್ಳಿಯವರಾದ ನಾವು ಮನಸ್ಸಿಗೆ ನೋವಾದಾಗ ಹೀಗೇ ಹೇಳುತ್ತೇವೆ.

ಸುಮಿತ್ರಾ ಹುರುಳಿಕಾಯಿ ಹೆಚ್ಚುತ್ತಿದ್ದಳು. ಅವಳು ಮೈಸೂರಿನವಳು, ಯಾರ ಮೇಲೂ ಸಿಟ್ಟಾಗುವುದಿಲ್ಲ. "ಅವರು ಹೇಳೋದ್ರಲ್ಲಿ ತಪ್ಪೇನಿದೆ ರೀ? ನಿಮಗೂ ಮಂಡಿನೋವು. ಅಷ್ಟು ಹೊತ್ತು ಚಕ್ಕಳಮಕ್ಕಳ ಹಾಕಿ ಕೂರೋದು ತಪ್ತು" ಎಂದಳು. ಪ್ರಸನ್ನ ಹೇಳಿದ್ದಕ್ಕಿಂತ ಇದೇ ನನಗೆ ಹೆಚ್ಚು ನಾಟಿತು. ಮದುವೆಯಾದಾಗಿನಿಂದ ಅವಳ ಹಾಡಿಗೂ ನನಗೂ ಇದ್ದ ನಂಟೆಂದರೆ ಆ ಗುಂಡಿಯೊಂದೇ. ಅದೂ ತಪ್ಪಿದರೆ ಸಭೆಯಲ್ಲಿ ಕೂತ ಹತ್ತು ಜನರಲ್ಲಿ ನಾನೂ ಒಬ್ಬ. ಅವಳಿಗೆ ಅದು ದೊಡ್ಡದಾಗಿ ಕಾಣಲಿಲ್ಲ. ಯಂತ್ರದ ಕೆಲಸವನ್ನು ಯಂತ್ರ ಮಾಡಿದರೆ ಬೇಜಾರೇಕೆ ಎಂದು ನನಗೆ ನಾನೇ ಹೇಳಿಕೊಂಡೆ. ಬೇಜಾರು ಹೋಗಲಿಲ್ಲ.

ಅದೇ ವಾರ ಮಗಳು ಅನಘಾಳ ಗೆಳತಿಗೆ ಜ್ವರ ಬಂತು. ಇಂಗ್ಲೆಂಡಿನ ಇಬ್ಬರು ನಡೆಸುವ ಪಂಕ್ ಸಂಗೀತದ ಕಛೇರಿಗೆಂದು ತೆಗೆದಿಟ್ಟ ಟಿಕೆಟ್ಟು ಒಂದು ಉಳಿಯಿತು. ಬೇರೆ ಯಾರೂ ಸಿಗದಿದ್ದಾಗ ತಂದೆಯ ನೆನಪಾಗುವುದು ಲೋಕರೂಢಿ. ಪಂಕ್ ಎಂದರೆ ಹುಂಜದ ಜುಟ್ಟಿನಂತೆ ಕೂದಲು ನಿಲ್ಲಿಸಿಕೊಂಡು ಗಿಟಾರು ಬಡಿಯುವ ಹುಡುಗರೆಂದು ನನ್ನ ತಿಳಿವಳಿಕೆ. ಕಿವಿಗೆ ಹತ್ತಿ ಇಟ್ಟುಕೊಂಡೇ ವಾಲ್ನಟ್ ಕ್ರೀಕ್‌ನಲ್ಲಿ ಅವಳ ಜೊತೆ ರೈಲು ಹತ್ತಿದೆ.

ದಾರಿಯಲ್ಲಿ ಅನಘಾ ಅವರ ಪೂರ್ವಕಥೆ ಹೇಳಿದಳು. ಅವಳು ಇಂಗ್ಲಿಷಿನಲ್ಲಿ ಹೇಳಿದಳು, ನಾನು ಕನ್ನಡದಲ್ಲಿ ಕೇಳಿಸಿಕೊಂಡೆ. ಕಾರ್ಖಾನೆಗಳು ಮುಚ್ಚಿಹೋದ ಒಂದು ಊರಿನವರಂತೆ. ಒಬ್ಬ ಗೋದಾಮು, ಅಂಗಡಿ, ಆಫೀಸು ಎಂದು ಸಿಕ್ಕ ಕೆಲಸವೆಲ್ಲ ಮಾಡಿ, ಸೇರಿದ ತಂಡಗಳೆಲ್ಲ ಮುರಿದುಬಿದ್ದು, ಇನ್ನು ತನ್ನಿಂದಾಗದು ಎನ್ನುವ ಹೊತ್ತಿಗೆ ಇನ್ನೊಬ್ಬ ಸಿಕ್ಕ. ಅವನು ಹಗಲು ದುಡಿದು ಮನೆಯ ಕೋಣೆಯಲ್ಲಿ ಕಂಪ್ಯೂಟರಿನ ಮೇಲೆ ಮಟ್ಟು ಕಟ್ಟುತ್ತಿದ್ದ. ಇವನು ಮಟ್ಟು ಕಳಿಸಿದರೆ ಮೊದಲಿನವನು ಅದಕ್ಕೆ ಹಾಡಿನ ಬದಲು ಬೈಗುಳ ಕೂಡಿಸುತ್ತಿದ್ದ. ಬಾಡಿಗೆ, ಮೇಲಧಿಕಾರಿ, ಮಂತ್ರಿ, ಮಧ್ಯಾಹ್ನದ ತಂಗಳು ಬ್ರೆಡ್ಡು, ಯಾವುದನ್ನೂ ಬಿಟ್ಟಿಲ್ಲ. ಅದನ್ನೂ ತನ್ನ ಊರಿನ ಉಚ್ಚಾರದಲ್ಲೇ ಬಯ್ಯುತ್ತಾನೆ, ಲಂಡನ್ನಿನವರಿಗಾಗಿ ನಾಲಿಗೆ ನಯ ಮಾಡಿಕೊಂಡಿಲ್ಲ. ಜನ ಕಿವಿಗೊಡುವ ಹೊತ್ತಿಗೆ ಇಬ್ಬರೂ ನಲವತ್ತು ದಾಟಿದ್ದರು. ಇಲ್ಲಿಗೆ ಬಂದು ಇಷ್ಟು ವರ್ಷವಾದರೂ ನನ್ನ ಹುಬ್ಬಳ್ಳಿ ನಾಲಿಗೆಗೆ ಬೆಂಗಳೂರಿನವರು ನಗುವುದನ್ನು ನೆನೆದು, ನೋಡುವ ಮೊದಲೇ ನನಗೆ ಅವರ ಮೇಲೆ ವಿಶ್ವಾಸ ಹುಟ್ಟಿತು.

ಕಛೇರಿಯ ಸಭಾಂಗಣದ ಒಳಗೆ ಕುರ್ಚಿಗಳೇ ಇರಲಿಲ್ಲ. ಎಲ್ಲರೂ ನಿಂತೇ ಕೇಳಬೇಕು. ವೇದಿಕೆಯ ಮೇಲೆ ಒಂದು ಮೈಕು, ಸಣ್ಣ ಮೇಜು, ಮೇಜಿನ ಮೇಲೆ ಲ್ಯಾಪ್‌ಟಾಪು, ಅಷ್ಟೆ. ವಾದ್ಯಗಳನ್ನು ಇನ್ನೂ ತಂದಿಲ್ಲವೇನೋ ಎಂದುಕೊಂಡೆ. ಇಬ್ಬರೂ ಬಂದರು. ಒಬ್ಬ ಲ್ಯಾಪ್‌ಟಾಪಿನ ಗುಂಡಿ ಒತ್ತಿ ಹಿಂದೆ ಸರಿದು, ಬಿಯರ್ ಬಾಟಲಿ ಹಿಡಿದು ನಿಂತ. ಸ್ಪೀಕರಿನಿಂದ ದಪ್ಪ ದನಿಯ ಒಂದೇ ಮಟ್ಟು ಗಾಣದೆತ್ತಿನಂತೆ ಸುತ್ತತೊಡಗಿತು, ಅದರ ಜೊತೆಗೆ ಬಾಗಿಲು ಬಡಿದಂಥ ಒಂದು ತಾಳ. ಮೈಕು ಪರೀಕ್ಷೆ ಮಾಡುತ್ತಿದ್ದಾರೆಂದು ನಾನು ಕಾದೆ. ಪರೀಕ್ಷೆಯಲ್ಲ, ಅದೇ ಸಂಗೀತ. ಇನ್ನೊಬ್ಬ ಮೈಕಿಗೆ ಬಾಯಿಟ್ಟು, ಕತ್ತಿನ ನರ ಉಬ್ಬಿಸಿ, ಉಸಿರು ತೆಗೆದುಕೊಳ್ಳದೆ ಬಯ್ಯತೊಡಗಿದ. ಗುಂಡಿ ಒತ್ತಿದವನು ಬಾಟಲಿ ಹಿಡಿದು ತಲೆಯಾಡಿಸುತ್ತ ನಿಂತಿದ್ದ.

ಅನಘಾ ನನ್ನ ಕಿವಿಯ ಹತ್ತಿ ಕಿತ್ತು ಹೇಳಿದಳು: "ಅಪ್ಪಾ, ದಟ್ಸ್ ಯೂ."

ಆಮೇಲೆ ನಾನು ಬಯ್ಯುವವನನ್ನು ನೋಡಲೇ ಇಲ್ಲ. ಅಭ್ಯಾಸಬಲದಿಂದ ತೊಡೆಯ ಮೇಲೆ ತಾಳ ಹಾಕಿದೆ. ಆದಿತಾಳಕ್ಕೆ ಸರಿಯಾಗಿ ಕೂತಿತು. ಪಕ್ಕದಲ್ಲಿದ್ದ, ಮೈತುಂಬ ಹಚ್ಚೆಯ ಹೆಂಗಸೊಬ್ಬಳು ನನ್ನ ಬೆರಳೆಣಿಕೆ ನೋಡಿ ತಾನೂ ಎಣಿಸತೊಡಗಿದಳು. ನಮ್ಮ ಕಡೆಯ ಗೀಗೀ ಪದದವರು ನೆನಪಾದರು. ಅಲ್ಲಿಯೂ ಮುಂದಿನವನು ಡಪ್ಪು ಬಡಿದು ಎದುರು ಮೇಳದವರನ್ನು ಹಿಗ್ಗಾಮುಗ್ಗಾ ಜಾಡಿಸುತ್ತಾನೆ. ಹಿಂದಿನವನು ತುಂತುಣಿಯ ಒಂದೇ ತಂತಿ ಮೀಟುತ್ತ, ಗೀಯ ಎಂದು ದನಿಗೂಡಿಸುತ್ತಾನೆ. ಚಿಕ್ಕಂದಿನಲ್ಲಿ ನನಗೆ ಅವನು ದಂಡಪಿಂಡ ಎನಿಸುತ್ತಿತ್ತು. ಶ್ರುತಿ ತಾಯಿ, ಲಯ ತಂದೆ ಎಂದು ತಿಳಿದವರು ಹೇಳುತ್ತಾರೆ. ಆ ತಾಯಿಯನ್ನು ಕಾಯ್ದು ಕೂರುವವನ ಬಗ್ಗೆ ಯಾರೂ ಏನೂ ಹೇಳಿಲ್ಲ.

ಆ ಸಂಜೆ ನನಗೆ ಹೊಳೆದದ್ದು ಇಷ್ಟೇ. ಬಾಟಲಿ ಹಿಡಿದವನು ಮನೆಗೆ ಹೋದರೂ ಲ್ಯಾಪ್‌ಟಾಪು ನುಡಿಯುತ್ತದೆ. ಆದರೆ ಆಗ ಮೈಕಿನ ಮುಂದಿರುವವನು ಬಸ್‌ಸ್ಟಾಪಿನಲ್ಲಿ ತನ್ನಷ್ಟಕ್ಕೆ ಬಯ್ದುಕೊಳ್ಳುವ ಮನುಷ್ಯನಾಗುತ್ತಾನೆ, ನಾವು ದೂರ ಸರಿದು ನಿಲ್ಲುತ್ತೇವೆ. ಹೌದಪ್ಪಾ, ಇವನು ಹೇಳುವುದು ನಿಜ ಎಂದು ಪಕ್ಕದಲ್ಲಿ ಒಬ್ಬ ತಲೆಯಾಡಿಸುತ್ತಿರುವುದರಿಂದಲೇ ಅದು ಹಾಡು. ರೈಲಿನಲ್ಲಿ ಇದನ್ನು ಹೇಳಿದರೆ ಅನಘಾ ಒಪ್ಪಿದಳು. ಮನೆಯಲ್ಲಿ ಹೇಳಲು ನನಗೆ ಸಂಕೋಚವಾಯಿತು. ನನ್ನ ಪರವಾಗಿ ನಾನೇ ವಕೀಲಿ ಮಾಡಿದಂತಾಗುತ್ತದಲ್ಲ.

ರಾಜ್ಯೋತ್ಸವದ ದಿನ ಸರಟೋಗಾದ ಶಾಲೆಯೊಂದರ ಸಭಾಂಗಣದಲ್ಲಿ, ಜುಬ್ಬಾ ಬಿಟ್ಟು ಸ್ವೆಟರ್ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತೆ. ಫೋನಿನ ಶ್ರುತಿ ಸಭಾಂಗಣದ ತುಂಬ ಮೊಳಗಿತು. ನನ್ನ ಪೆಟ್ಟಿಗೆ ಎಂದೂ ಅಷ್ಟು ಚೆನ್ನಾಗಿ ನುಡಿದಿರಲಿಲ್ಲ. ಸುಮಿತ್ರಾ ಕಣ್ಣು ಮುಚ್ಚಿದಳು, ತೆರೆದಳು, ಹಿಂದೆ ಎಡಕ್ಕೆ ತಿರುಗಿ ನೋಡಿದಳು. ಯಾವಾಗಲೂ ಒಯ್ಯುವ ಫ್ಲಾಸ್ಕಿನಿಂದ ಒಂದು ಗುಟುಕು ಜೀರಿಗೆ ನೀರು ಕುಡಿದಳು. ಇನ್ನೊಮ್ಮೆ ಎಡಕ್ಕೆ ನೋಡಿದಳು. ಆಮೇಲೆ ಮೈಕಿನಲ್ಲೇ ಕರೆದಳು: "ರೀ, ಸ್ವಲ್ಪ ಇಲ್ಲಿ ಬನ್ನಿ."

ಪ್ರಸನ್ನ ಓಡಿಬಂದರು. "ಯಾಕೆ ಮೇಡಂ, ಶ್ರುತಿ ಸರಿ ಇಲ್ವಾ?"

"ಶ್ರುತಿ ಸರಿಯಾಗೇ ಇದೆ ಪ್ರಸನ್ನ. ಅವರಿಲ್ಲ."

ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ನನ್ನ ಹಳೆಯ ಜಾಗದಲ್ಲಿ ಕೂತೆ. ಎದುರಿಗೆ ಪೆಟ್ಟಿಗೆಯಿಲ್ಲ, ಒತ್ತಲು ಗುಂಡಿಯಿಲ್ಲ, ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಸುಮಿತ್ರಾಳ ಫ್ಲಾಸ್ಕು ಹತ್ತಿರವೇ ಇತ್ತು. ಅದನ್ನೇ ಎತ್ತಿ ಹಿಡಿದುಕೊಂಡೆ. ಸಾಲಿನ ತುದಿಯಲ್ಲಿದ್ದ ಅನಘಾ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಸುಮಿತ್ರಾ ಹಾಡು ಎತ್ತಿಕೊಂಡಳು, ನಾನು ತಲೆಯಾಡಿಸತೊಡಗಿದೆ.

ವಾಪಸು ಬರುವಾಗ ಕಾರಿನಲ್ಲಿ ಸುಮಿತ್ರಾ ದೂರಿದಳು. "ಅಲ್ಲ ರೀ, ಎರಡನೇ ಹಾಡಲ್ಲಿ ಗಂಟಲು ಕಟ್ಟಿ ಕೈ ಚಾಚಿದೆ. ನೀರು ಕೊಡೋದು ಬಿಟ್ಟು, ಫ್ಲಾಸ್ಕ್ ಹಿಡ್ಕೊಂಡು ತಲೆ ಆಡಿಸ್ತಾ ಕೂತಿದ್ರಲ್ಲ!" ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮುಂದಿನ ಕಾರ್ಯಕ್ರಮಕ್ಕೆ ನಾನು ನನ್ನದೇ ಬೇರೆ ಫ್ಲಾಸ್ಕು ಒಯ್ಯುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ.