ಅಪ್ಪ ತಂದ ಚಪ್ಪಡಿ

ನಮ್ಮಪ್ಪ ಪುಟ್ಟಮಾದಯ್ಯ ಅರಣ್ಯ ಇಲಾಖೆಯ ನರ್ಸರಿಯಲ್ಲಿ ವಾಚರ್ ಆಗಿದ್ದವರು. ಸರ್ಕಾರ ಹೇಳಿತೆಂದು ಜೀವಮಾನವಿಡೀ ನೀಲಗಿರಿ, ಅಕೇಶಿಯಾ ಸಸಿಗಳಿಗೆ ನೀರು ಹಾಕಿ, ರಿಟೈರ್ ಆದ ಮೇಲೆ ಅವುಗಳ ಹೆಸರೆತ್ತಿದರೆ ಮುಖ ಸಿಂಡರಿಸುತ್ತಿದ್ದರು. ಹಲಗೂರಿನ ನಮ್ಮ ಮನೆ ಪಕ್ಕದ ಖಾಲಿ ಜಾಗದಲ್ಲಿ ಈ ಸೀಮೆಯ ಗಿಡಗಳನ್ನೇ ಬೆಳೆಸುತ್ತೇನೆಂದು ಹಠ ಹಿಡಿದರು. ತಂಗಡಿ, ಲಕ್ಕಿ, ಕಾರೆ, ತುಂಬೆ. ಮೇಕೆಯೂ ಮೂಸಿ ಬಿಟ್ಟುಹೋಗುವ ಗಿಡಕ್ಕೆ ಪಾತಿ ಬೇರೆ ಕೇಡು ಎಂದು ಬೀದಿಯವರು ನಗುತ್ತಿದ್ದರು. ನಾನೂ ಜೊತೆಗೆ ನಗುತ್ತಿದ್ದೆ.

ಆದರೆ ಅದು ನಮ್ಮಮ್ಮ ಮುದ್ದಮ್ಮನಿಗಾಗಿ ಮಾಡಿದ ತೋಟ. ಮಂಡಿನೋವು ಬಂದು ಹೊಲದ ಕಡೆ ಹೋಗುವುದು ನಿಂತ ಮೇಲೆ ಅಮ್ಮ ಜಗಲಿಯಲ್ಲೇ ಮಂಕಾಗಿ ಕೂತಿರುತ್ತಿದ್ದಳು. ಬದುವಿನ ಗಿಡಗಳು ಅವಳ ಕಣ್ಣಮುಂದಿರಲಿ, ನಾಲ್ಕು ಹೆಜ್ಜೆ ನಡೆದು ಸಂಜೆ ಅಲ್ಲಿ ಕೂರಲಿ ಎಂಬುದೊಂದೇ ಅಪ್ಪನ ಆಸೆ. ಸಿಮೆಂಟು ಮುಟ್ಟಿಸದೆ, ಕಾಡುಕಲ್ಲುಗಳನ್ನು ಅರ್ಧ ಮಣ್ಣಿನಲ್ಲಿ ಹೂತು, ಅವು ಅಲ್ಲೇ ಹುಟ್ಟಿದವೇನೋ ಎನ್ನುವ ಹಾಗೆ ಕೂರಿಸಿದ್ದರು. ಅಮ್ಮ ಕೂರಲು ಒಂದು ಒಳ್ಳೆಯ ಕಲ್ಲು ಮಾತ್ರ ಸಿಕ್ಕಿರಲಿಲ್ಲ.

ಅಮ್ಮನ ತವರೂರಿನ ಹಾಳುಬಾವಿಯನ್ನು ಮುಚ್ಚುತ್ತಿದ್ದಾರೆಂದು ಟ್ರ್ಯಾಕ್ಟರ್ ಸಿದ್ದರಾಜು ಸುದ್ದಿ ತಂದ. ಅಪ್ಪ ಅವನ ಜೊತೆ ಹೋಗಿ, ಬಾವಿಯಿಂದಾಚೆ ಬಿದ್ದಿದ್ದ ಒಂದು ಚಪ್ಪಡಿಯನ್ನು ಹೇರಿಸಿಕೊಂಡು ಬಂದರು. ಉಳಿ ತಾಗದ ಕಲ್ಲು, ನಡುವೆ ಮಾತ್ರ ನುಣುಪಾದ ತಗ್ಗು. ಲಕ್ಕಿಗಿಡದ ಪಕ್ಕ ಅದನ್ನು ಕೂರಿಸಿ, ಅಮ್ಮನ ಕೈಹಿಡಿದು ಕರೆತಂದರು. ಮಳೆನೀರು ಎಷ್ಟು ಚೆನ್ನಾಗಿ ಸವೆಸಿದೆ ನೋಡು ಎಂದು ಹೆಮ್ಮೆಯಿಂದ ಸವರಿ ತೋರಿಸಿದರು.

ಅಮ್ಮ ಕೈ ಬಿಡಿಸಿಕೊಂಡಳು.

"ಮಳೆ ಸವ್ಸಿದ್ದಲ್ಲ ಇದು," ಎಂದಳು. "ನಮ್ಮವ್ವನ ಕಾಲು ಸವ್ಸಿದ್ದು."

ಆ ಬಾವಿಯನ್ನು ಅಮ್ಮನ ಕೇರಿಯವರು ಮುಟ್ಟುವಂತಿರಲಿಲ್ಲವಂತೆ. ಬಾವಿಕಟ್ಟೆಯ ಕೆಳಗೆ, ದೂರದಲ್ಲಿ, ಈ ಚಪ್ಪಡಿಯ ಮೇಲೆ ಬಿಂದಿಗೆ ಹಿಡಿದು ನಿಂತಿರಬೇಕು. ಊರಿನ ಹೆಂಗಸರು ಯಾರಾದರೂ ಮನಸ್ಸು ಮಾಡಿ ಸೇದಿ ಹುಯ್ದರೆ ನೀರು, ಇಲ್ಲದಿದ್ದರೆ ಇಲ್ಲ. ಅಜ್ಜಿ ನಿಂತಳು, ಅಜ್ಜಿಯ ಸೆರಗು ಹಿಡಿದು ಅಮ್ಮನೂ ನಿಂತಳು. ಬಿಸಿಲಿಗೆ ಕಲ್ಲು ಕಾದರೂ ಕದಲುವಂತಿಲ್ಲ, ಸುಸ್ತಾಯಿತೆಂದು ಕೂತರೆ ಬೈಗುಳ. ಅಪ್ಪ ಮದುವೆಯಾಗುವ ಹೊತ್ತಿಗೆ ಆ ಕೇರಿಗೆ ಬೋರ್‌ವೆಲ್ ಬಂದಿತ್ತು. ಇಷ್ಟು ವರ್ಷ ಅಮ್ಮ ಬಾಯಿ ಬಿಟ್ಟಿರಲಿಲ್ಲ. ಗಂಡನಿಗಾಗಲಿ ಮಗಳಿಗಾಗಲಿ ಹೇಳಿಕೊಳ್ಳುವ ಸಂಗತಿಯೇ ಅದು? ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

ಅಂದಿನಿಂದ ಅಮ್ಮ ತೋಟದ ಕಡೆ ತಲೆ ಹಾಕಲಿಲ್ಲ. ತಂಗಡಿ ಮೈತುಂಬ ಹೂ ಬಿಟ್ಟಿತು, ನೋಡಲಿಲ್ಲ. ಅಪ್ಪನಿಗೆ ಅನ್ನ ಸೇರಲಿಲ್ಲ. ಕೊನೆಗೊಂದು ಭಾನುವಾರ ಹಾರೆ ಹಿಡಿದು ಚಪ್ಪಡಿ ಕೀಳಲು ಹೋದರು. ಸದ್ದು ಕೇಳಿ ಅಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಇದನ್ನು ಎಲ್ಲಿಗೆ ಸಾಗಿಸುತ್ತೀರಿ ಎಂದು ಕೇಳಿದಳು. ತಂದ ಜಾಗದಲ್ಲೇ ಎಸೆದು ಬರುತ್ತೇನೆ ಎಂದರು ಅಪ್ಪ, ತಲೆ ಎತ್ತದೆ.

ಅಮ್ಮ ಬಹಳ ಹೊತ್ತು ಆ ತಗ್ಗನ್ನೇ ನೋಡಿದಳು. ಆಮೇಲೆ ನನ್ನ ಭುಜ ಹಿಡಿದು, ಮಂಡಿಯನ್ನು ಸಾವಕಾಶವಾಗಿ ಮಡಿಸಿ, ಕಲ್ಲಿನ ಮೇಲೆ ಕೂತಳು.

"ವಾಪಸ್ ಕಳುಸ್ಬ್ಯಾಡಿ," ಎಂದಳು. "ನಮ್ಮವ್ವ ಇದ್ರ ಮ್ಯಾಲೆ ಒಂದಿನಾನೂ ಕೂರ್ನಿಲ್ಲ. ಬನ್ನಿ, ನೀವೂ ಕೂತ್ಕಳಿ."

ಅಪ್ಪ ಹಾರೆ ಬಿಟ್ಟು, ಕೈಯ ಮಣ್ಣನ್ನೂ ಒರೆಸಿಕೊಳ್ಳದೆ, ಅವಳ ಪಕ್ಕ ಕೂತರು.